ಶೋಧನವೂ ಶೋಧವೂ: ರಕ್ತದೊತ್ತಡದ ಔಷಧಗಳಲ್ಲಿ ಸೂಕ್ಷ್ಮದೋಷಪರೀಕ್ಷೆಯ ಇತಿಹಾಸ

ಸಂಸ್ಕೃತದ ‘ಶುಧ್’ ಧಾತುವಿನಿಂದ ಹುಟ್ಟಿದ ಶಬ್ದಗಳಿಗೆ ಕನ್ನಡದಲ್ಲಿ ಎರಡು ಬಗೆಯ ಅರ್ಥಗಳು ರೂಢಿಗೊಂಡಿವೆ. ವೈದ್ಯನು ಪಾರದವನ್ನು ಶೋಧಿಸಿದನೆಂದರೆ ಅದರ ಕಲ್ಮಷವನ್ನು ಕಳೆದನೆಂದು ಅರ್ಥ. ಪಂಡಿತನು ಶಾಸನವನ್ನು ಶೋಧಿಸಿದನೆಂದರೆ ಅದನ್ನು ಹುಡುಕಿ ತೆಗೆದನೆಂದು ಅರ್ಥ. ‘ಸೋದಿಸು’ ಎಂಬ ತದ್ಭವವೂ ಈ ಎರಡು ಅರ್ಥಗಳನ್ನು ಒಟ್ಟಿಗೆ ಹೊತ್ತುಕೊಂಡೇ ಬಂದಿದೆ. ಔಷಧಪರೀಕ್ಷೆಯ ಇತಿಹಾಸವನ್ನು ನೋಡಿದರೆ ಈ ಎರಡು ಅರ್ಥಗಳು ಒಂದೇ ಧಾತುವಿನಲ್ಲಿ ಕೂಡಿಕೊಂಡಿರುವುದು ಉಚಿತವೇ ಎಂದು ತೋರುವುದು. ಹುಡುಕದೆ ಇದ್ದ ಕಲ್ಮಷವನ್ನು ಕಳೆಯಲಾಗದು. ಹುಡುಕಬೇಕಾದರೆ ಅದು ಎಲ್ಲಿಂದ ಬಂದಿರಬಹುದೆಂಬ ಊಹೆಯು ಮೊದಲೇ ಬೇಕು. ಕ್ರಿ. ಶ. ೨೦೧೮ರಲ್ಲಿ ರಕ್ತದೊತ್ತಡದ ಕೆಲವು ಗುಳಿಗೆಗಳಲ್ಲಿ ಅರ್ಬುದಕಾರಕವಾದ ಒಂದು ದ್ರವ್ಯವು ಅತ್ಯಲ್ಪ ಪ್ರಮಾಣದಲ್ಲಿ ಕಂಡುಬಂದ ಪ್ರಸಂಗವು ಈ ಮಾತಿಗೆ ಪ್ರಬಲವಾದ ನಿದರ್ಶನ. ಆ ಪ್ರಸಂಗವನ್ನೂ ಅದರ ಪೂರ್ವೇತಿಹಾಸವನ್ನೂ ಗದಗು-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯಲ್ಲಿ ನಿಂತು ನೋಡುವುದು ಇಲ್ಲಿಯ ಉದ್ದೇಶವಾಗಿದೆ. ಔಷಧವ್ಯವಹಾರದ ಹಳೆಯ ಹೊಸ ಪದ್ಧತಿಗಳೆರಡರ ಗುರುತುಗಳೂ ಈ ಸೀಮೆಯಲ್ಲಿ ಒಂದರ ಪಕ್ಕದಲ್ಲೊಂದು ಉಳಿದಿವೆ.

ಮೊದಲು ಹಳೆಯ ಪದ್ಧತಿಯ ಮಾತು. ರಸಶಾಸ್ತ್ರಕಾರರು ಪಾರದದ ದೋಷಗಳನ್ನು ಅವುಗಳ ಹುಟ್ಟಿನ ಮೇಲಿಂದ ವಿಂಗಡಿಸಿದರು. ರಸರತ್ನಸಮುಚ್ಚಯದ ಕ್ರಮದಲ್ಲಿ ವಿಷ, ವಹ್ನಿ, ಮಲ ಎಂಬ ಮೂರು ನೈಸರ್ಗಿಕ ದೋಷಗಳು. ನಾಗ, ವಂಗ, ಎಂದರೆ ಸೀಸ ಮತ್ತು ತವರ, ಇವೆರಡು ಯೌಗಿಕ ದೋಷಗಳು. ಮಣ್ಣು, ಕಲ್ಲು, ನೀರು ಮೊದಲಾದವುಗಳ ಸಂಬಂಧದಿಂದ ಅಂಟಿಕೊಳ್ಳುವ ಏಳು ಕಂಚುಕಗಳು ಔಪಾಧಿಕ ದೋಷಗಳು. ಯೌಗಿಕ ದೋಷಗಳಿಗೆ ವ್ಯಾಪಾರಿಗಳ ಬೆರಕೆಯೇ ಕಾರಣವೆಂಬುದನ್ನು ಶಾಸ್ತ್ರಕಾರರು ಮರೆಮಾಡಲಿಲ್ಲ. ದೋಷವು ಎಲ್ಲಿಂದ ಬಂದಿತೋ ಅದಕ್ಕೆ ತಕ್ಕಂತೆ ಶೋಧನಕರ್ಮವೂ ಬೇರೆ. ಭಸ್ಮವು ಸಿದ್ಧವಾದ ಮೇಲೆ ಅದಕ್ಕೂ ಪರೀಕ್ಷೆಗಳುಂಟು: ಬೆರಳಿನ ಗೆರೆಗಳಲ್ಲಿ ತುಂಬಿಕೊಳ್ಳಬೇಕು, ಅದು ರೇಖಾಪೂರ್ಣ, ನಿಂತ ನೀರಿನ ಮೇಲೆ ತೇಲಬೇಕು, ಅದು ವಾರಿತರ, ಪುನಃ ಕಾಯಿಸಿದರೆ ಲೋಹವಾಗಿ ತಿರುಗಕೂಡದು, ಅದು ಅಪುನರ್ಭವ. ಒಂದೊಂದು ಪರೀಕ್ಷೆಯೂ ಒಂದೊಂದೇ ಪ್ರಶ್ನೆಯನ್ನು ಕೇಳುತ್ತದೆ. ಭಸ್ಮವು ತೇಲಿತೆಂದರೆ ಅದು ನುಣ್ಣಗಾಗಿದೆಯೆಂದು ತಿಳಿಯಬಹುದೇ ಹೊರತು, ಅದರಲ್ಲಿ ಸೀಸವಿಲ್ಲವೆಂದು ತಿಳಿಯಲಾಗದು.

ಕನ್ನಡದಲ್ಲಿಯೂ ಈ ವಿಚಾರಪರಂಪರೆಯು ಕೊರತೆಯಾಗಿಲ್ಲ. ಜಗದ್ದಳ ಸೋಮನಾಥನು ಹನ್ನೆರಡನೆಯ ಶತಮಾನದಲ್ಲಿ ಕರ್ಣಾಟಕ ಕಲ್ಯಾಣಕಾರಕವನ್ನು ರಚಿಸಿದನು. ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವು ವಿಷಗಳನ್ನೂ ಅವುಗಳ ಪರಿಹಾರವನ್ನೂ ಹೇಳುವುದಕ್ಕೇ ಹುಟ್ಟಿದ ಗ್ರಂಥ. ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡಿನ ಗುರುತಾಗಿ ಹೆಸರಿಸಿದ ಊರುಗಳಲ್ಲಿ ಪುಲಿಗೆರೆಯೂ ಒಂದು. ಅದೇ ಈಗಿನ ಲಕ್ಷ್ಮೇಶ್ವರ. ಮಾತಿನ ತಿರುಳಿಗೆ ಹೆಸರಾದ ಆ ಸೀಮೆಯ ಪಕ್ಕದಲ್ಲಿಯೇ ಮದ್ದಿನ ಬೇರಿಗೆ ಹೆಸರಾದ ಕಪ್ಪತಗುಡ್ಡವೂ ಇರುವುದು. ಗದಗು, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿರುವ ಈ ಗುಡ್ಡದ ಸಾಲಿನಲ್ಲಿ ಮೂಲಿಕೆಗಳಂತೆಯೇ ಕಬ್ಬಿಣದ, ಚಿನ್ನದ ಅದಿರುಗಳೂ ಇರುವ ಕಾರಣದಿಂದ ಇದರ ರಕ್ಷಣೆಯ ಪ್ರಶ್ನೆಯು ಬಹಳ ದಿನ ಎಳೆದಾಡಿತು. ೨೦೧೫ರಲ್ಲಿ ಸಂರಕ್ಷಿತ ಪ್ರದೇಶವೆಂಬ ಘೋಷಣೆ, ೨೦೧೬ರಲ್ಲಿ ಅದರ ರದ್ದತಿ, ಜನರ ಮತ್ತು ಮಠಾಧೀಶರ ಚಳವಳಿಯ ತರುವಾಯ ೨೦೧೭ರಲ್ಲಿ ಪುನಃ ಸ್ಥಾಪನೆ, ೨೦೧೯ರಲ್ಲಿ ವನ್ಯಜೀವಿಧಾಮದ ಪದವಿ, ಹೀಗೆ ಅದರ ಇತ್ತೀಚಿನ ಚರಿತ್ರೆ. ಗುಡ್ಡದಿಂದ ಬೇರು ತರುವ ವೈದ್ಯನಿಗೆ ಬೇರು ಯಾವ ಇಳಿಜಾರಿನದು, ಯಾವ ಋತುವಿನದು, ಕಿತ್ತವನು ಯಾರು ಎಂಬುದು ಗೊತ್ತಿರುವುದು. ಮದ್ದಿನ ಹುಟ್ಟನ್ನು ಬಲ್ಲವನೇ ಮದ್ದನ್ನು ಪರೀಕ್ಷಿಸುವವನೂ ಆಗಿರುವುದು. ಈ ಐಕ್ಯವು ಮುಂದೆ ಹೇಗೆ ಒಡೆಯಿತೆಂಬುದೇ ಪ್ರಕೃತ ಇತಿಹಾಸದ ಸಾರ.

ಆದರೆ ಹಳೆಯದೆಲ್ಲವೂ ನಿರ್ದುಷ್ಟವೆಂಬ ಅಭಿಮಾನವು ಇಲ್ಲಿ ಸಲ್ಲದು. ೨೦೦೪ರಲ್ಲಿ ಅಮೆರಿಕದ ಬಾಸ್ಟನ್ ನಗರದ ಅಂಗಡಿಗಳಲ್ಲಿ ಕೊಂಡ ೭೦ ಆಯುರ್ವೇದೌಷಧಗಳನ್ನು ಪರೀಕ್ಷಿಸಿದಾಗ ೧೪ರಲ್ಲಿ ಸೀಸ, ಪಾರದ ಅಥವಾ ಪಾಷಾಣವು ಕಂಡುಬಂದಿತು. ಸೀಸವನ್ನು ಯೌಗಿಕ ದೋಷವೆಂದು ಶಾಸ್ತ್ರವು ಎಷ್ಟೋ ಶತಮಾನಗಳ ಹಿಂದೆಯೇ ಎಚ್ಚರಿಸಿದ್ದರೂ ಎಚ್ಚರಿಕೆಯು ಪರೀಕ್ಷೆಯಾಗಿ ನಡೆಯದ ಕಡೆಗಳಲ್ಲಿ ದೋಷವು ಉಳಿದೇ ಬಂದಿತು.

ಇನ್ನು ರಕ್ತದೊತ್ತಡದ ವಿಷಯ. ಇದಕ್ಕೆ ಸರಿಹೋಗುವ ವ್ಯಾಧಿಯನ್ನು ಪ್ರಾಚೀನ ಸಂಹಿತೆಗಳಲ್ಲಿ ತೋರಿಸುವ ಪ್ರಯತ್ನಗಳು ನಡೆದಿರುವುವಾದರೂ ಅವು ಅಷ್ಟು ಸಮರ್ಪಕವಾಗಿಲ್ಲ. ಅಳೆಯುವ ಸಾಧನವಿಲ್ಲದೆ ಈ ವ್ಯಾಧಿಗೆ ರೂಪವೇ ಇಲ್ಲ. ೧೮೯೬ರಲ್ಲಿ ಇಟಲಿಯ ರಿವಾ-ರೊಚ್ಚಿಯು ತೋಳಿನ ಪಟ್ಟಿಯನ್ನು ರೂಪಿಸಿ, ೧೯೦೫ರಲ್ಲಿ ರಶಿಯದ ಕೊರೊಟ್ಕಾಫನು ನಾಡಿಯ ಶಬ್ದವನ್ನು ಕೇಳಿ ಅಳೆಯುವ ಕ್ರಮವನ್ನು ಹೇಳಿದ ತರುವಾಯವೇ ಇದು ವೈದ್ಯರ ಕೈಗೆ ಸಿಕ್ಕಿತು. ರೋಗವು ಹೊಸದಾಗಿ ಗೋಚರವಾಯಿತು. ಅದಕ್ಕೆ ಒದಗಿದ ಮೊದಲ ಒಳ್ಳೆಯ ಮದ್ದುಗಳಲ್ಲೊಂದು ಮಾತ್ರ ಬಹು ಹಳೆಯದು. ಅದೇ ಸರ್ಪಗಂಧಾ. ೧೯೩೧ರಲ್ಲಿ ಗಣನಾಥ ಸೇನ, ಕಾರ್ತಿಕಚಂದ್ರ ಬೋಸ್ ಎಂಬ ವಂಗದೇಶದ ವೈದ್ಯರು ಈ ಬೇರು ಉನ್ಮಾದಕ್ಕೂ ಏರಿದ ರಕ್ತದೊತ್ತಡಕ್ಕೂ ಉಪಯುಕ್ತವೆಂದು ಪ್ರಕಟಿಸಿದರು. ಅದೇ ವರ್ಷ ದಿಲ್ಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿಯವರು ಬೇರಿನಿಂದ ಹಲವು ಕ್ಷಾರದ್ರವ್ಯಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಮ ಅಜ್ಮಲ್ ಖಾನರ ಸ್ಮರಣಾರ್ಥವಾಗಿ ಅಜ್ಮಲೀನ್ ಎಂದು ಹೆಸರಿಟ್ಟರು. ೧೯೪೯ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು ಐವತ್ತು ಮಂದಿ ರೋಗಿಗಳಲ್ಲಿ ಅದರ ಗುಣವನ್ನು ಪರೀಕ್ಷಿಸಿ ಇಂಗ್ಲೆಂಡಿನ ಹೃದ್ರೋಗಪತ್ರಿಕೆಯಲ್ಲಿ ಬರೆದ ಲೇಖನವು ಲೋಕದ ಗಮನವನ್ನು ಸೆಳೆಯಿತು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸೀಬಾ ಸಂಸ್ಥೆಯ ರಸಾಯನಜ್ಞರು ಅದರ ಸಾರವಾದ ರಿಸರ್ಪೀನನ್ನು ಪ್ರತ್ಯೇಕಿಸಿದರು.

ಇಲ್ಲಿ ಒಂದು ಮಾರ್ಪಾಟು ನಡೆಯಿತು. ಅದು ಮೇಲುನೋಟಕ್ಕೆ ಕಾಣತಕ್ಕುದಲ್ಲ. ಬೇರು ಅನೇಕ ದ್ರವ್ಯಗಳ ಸಮೂಹ. ಅದರಲ್ಲಿ ‘ಅನ್ಯ’ವೆಂದರೆ ಬೇರೆ ಗಿಡದ ಬೇರು, ಮಣ್ಣು, ಹುಳು, ಕಣ್ಣು ಮೂಗುಗಳು ಇವನ್ನು ಹಿಡಿಯಬಲ್ಲವು. ಸರ್ಪಗಂಧೆಗೆ ಬದಲಾಗಿ ಅದೇ ಕುಲದ ಬೇರೆ ಗಿಡದ ಬೇರನ್ನು ಮಾರುವ ಮೋಸವೂ ಇಂಥದೇ. ಔಷಧವು ಏಕಮಾತ್ರ ಅಣುವೆಂದು ನಿಶ್ಚಯವಾದೊಡನೆ ಆ ಅಣುವಿನ ಹೊರತು ಗುಳಿಗೆಯಲ್ಲಿರುವ ಸಮಸ್ತವೂ ಸಮರ್ಥನೆ ಕೊಡಬೇಕಾದ ಅನ್ಯವಾಯಿತು. ದೋಷದ ಪ್ರಮಾಣವು ಎಷ್ಟು ಚಿಕ್ಕದಾಗಬಹುದೆಂಬುದಕ್ಕೆ ಮಿತಿಯಿಲ್ಲದಂತಾಯಿತು. ಪರೀಕ್ಷಕನ ಇಂದ್ರಿಯಕ್ಕೆ ಬದಲಾಗಿ ಯಂತ್ರವು ನಿಂತಿತು.

ಯಂತ್ರಕ್ಕಿಂತ ಮೊದಲು ಕಾನೂನು ಬರಬೇಕಾಯಿತು. ಇಪ್ಪತ್ತನೆಯ ಶತಮಾನದ ಮೂರನೆಯ ದಶಕದಲ್ಲಿ ಭಾರತದ ಪೇಟೆಗಳಲ್ಲಿ ಕಳಪೆ ಕ್ವಿನೈನ್ ಮೊದಲಾದವುಗಳ ಹಾವಳಿಯು ವಿಪರೀತವಾಗಿ, ೧೯೩೦ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧವಿಚಾರಣಾ ಸಮಿತಿಯು ನೇಮಕವಾಯಿತು. ಅದರ ವರದಿಯು ಮರುವರ್ಷವೇ ಸಿದ್ಧವಾದರೂ ಔಷಧಗಳ ಕಾಯಿದೆಯು ಹುಟ್ಟಲು ೧೯೪೦ರ ವರೆಗೆ ಕಾಯಬೇಕಾಯಿತು. ಆ ಕಾಯಿದೆಯು ಬ್ರಿಟಿಷ್ ಇಂಡಿಯಾದ ಮಟ್ಟಿಗೆ ಮಾತ್ರ. ಈ ಲೇಖನದ ನಾಲ್ಕು ಊರುಗಳಲ್ಲಿ ಗದಗು-ಬೆಟಗೇರಿಯೂ ಮುಂಡರಗಿಯೂ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. ಲಕ್ಷ್ಮೇಶ್ವರವು ಮಿರಜ ಸಂಸ್ಥಾನದಲ್ಲಿ, ಶಿರಹಟ್ಟಿಯು ಸಾಂಗಲಿ ಸಂಸ್ಥಾನದಲ್ಲಿ ಇದ್ದವು. ಹಗಲೊಂದರ ಚಕ್ಕಡಿಯ ದಾರಿಯೊಳಗೆ ಒಂದೇ ಭಾಷೆಯನ್ನಾಡುವ, ಒಂದೇ ಸಂತೆಗೆ ಹೋಗುವ ಜನರಿಗೆ ಔಷಧದ ಶುದ್ಧಿಯ ವಿಷಯದಲ್ಲಿ ಮೂರು ಪ್ರಭುತ್ವಗಳು! ಸೀಸೆಯೊಂದು ಗದಗಿನ ಅಂಗಡಿಯಿಂದ ಲಕ್ಷ್ಮೇಶ್ವರಕ್ಕೆ ಹೋದರೆ ಅದರೊಳಗಿನ ಮದ್ದು ಬದಲಾಗದೆ ಅದರ ಮೇಲಿನ ಕಾಯಿದೆಯ ಹಿಡಿತ ಮಾತ್ರ ಬಿಟ್ಟುಹೋಗುತ್ತಿತ್ತು. ೧೯೪೮ರಲ್ಲಿ ದಕ್ಷಿಣದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆ ಈ ಭೇದಕ್ಕೆ ನೆಲೆ ತಪ್ಪಿತು. ೧೯೫೬ರ ಏಕೀಕರಣದಿಂದ ನಾಲ್ಕೂ ಊರುಗಳು ಕನ್ನಡ ರಾಜ್ಯವನ್ನು ಸೇರಿದವು. ೧೯೯೭ರಲ್ಲಿ ಗದಗು ಪ್ರತ್ಯೇಕ ಜಿಲ್ಲೆಯಾಯಿತು. ಏಕೀಕರಣದ ಇತಿಹಾಸವನ್ನು ಬರೆದವರು ಭಾಷೆಯನ್ನೂ ಶಾಲೆಗಳನ್ನೂ ಎಣಿಸಿದಷ್ಟು ಇಂಥ ಪ್ರಯೋಜನಗಳನ್ನು ಎಣಿಸಿಲ್ಲ.

ಕಾಯಿದೆಯ ಕ್ರಮವು ಈಗಲೂ ಮೂಲದಂತೆಯೇ ಇದೆ. ಔಷಧಪರಿವೀಕ್ಷಕನು ಅಂಗಡಿಯಿಂದ ಮಾದರಿಯನ್ನು ಕೊಂಡು ನಾಲ್ಕು ಪಾಲು ಮಾಡಿ ಮುದ್ರೆಯೊತ್ತಬೇಕು. ಒಂದು ಪಾಲು ಮಾರಿದವನಿಗೆ, ಒಂದು ಸರ್ಕಾರದ ವಿಶ್ಲೇಷಕನಿಗೆ, ಒಂದು ನ್ಯಾಯಾಲಯಕ್ಕಾಗಿ, ಮತ್ತೊಂದು ಅವಶ್ಯವಿದ್ದಲ್ಲಿ ತಯಾರಕನಿಗೆ. ಕರ್ನಾಟಕದಲ್ಲಿ ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿಗಳಲ್ಲಿ ಸರ್ಕಾರದ ಔಷಧಪರೀಕ್ಷಾಲಯಗಳಿವೆ. ವಿಶ್ಲೇಷಕನು ಔಷಧಸಂಹಿತೆಯಲ್ಲಿ ಬರೆದಿಟ್ಟ ಪರೀಕ್ಷೆಗಳನ್ನು ನಡೆಸಿ ಮಾದರಿಯು ಪ್ರಮಾಣಕ್ಕೆ ಸರಿಯಿದೆಯೇ ಇಲ್ಲವೇ ಎಂದು ಹೇಳುತ್ತಾನೆ. ಸ್ವತಂತ್ರ ಭಾರತದ ಮೊದಲನೆಯ ಔಷಧಸಂಹಿತೆಯು ೧೯೫೫ರಲ್ಲಿ ಹೊರಬಂದಿತು. ಈ ಏರ್ಪಾಡು ದೊಡ್ಡದು, ಅವಶ್ಯಕವಾದದ್ದು. ಆದರೆ ಸಂಹಿತೆಯಲ್ಲಿ ಕೇಳದೆ ಇದ್ದ ಪ್ರಶ್ನೆಗೆ ವಿಶ್ಲೇಷಕನ ಪತ್ರದಲ್ಲಿ ಉತ್ತರವಿರುವುದಿಲ್ಲ. ಉತ್ತರವಿಲ್ಲವೆಂಬುದು ಓದುವವನಿಗೆ ಕಾಣುವುದೂ ಇಲ್ಲ.

೨೦೧೮ರಲ್ಲಿ ಬಯಲಾದದ್ದು ಈ ಬಿರುಕೇ. ಸರ್ಪಗಂಧೆಯ ಯುಗವು ಮುಗಿದು ರಕ್ತದೊತ್ತಡಕ್ಕೆ ಬಂದ ಹೊಸ ಮದ್ದುಗಳಲ್ಲಿ ‘ಸಾರ್ಟಾನ್’ ಎಂಬ ವರ್ಗವು ಮುಖ್ಯವಾದದ್ದು. ಲೋಸಾರ್ಟಾನ್ ೧೯೯೫ರಲ್ಲಿಯೂ ವಾಲ್ಸಾರ್ಟಾನ್ ೧೯೯೬ರಲ್ಲಿಯೂ ಅಮೆರಿಕದಲ್ಲಿ ಮಾನ್ಯತೆ ಪಡೆದವು. ಈ ವರ್ಗದ ಬಹುತೇಕ ಮದ್ದುಗಳ ಅಣುವಿನಲ್ಲಿ ನಾಲ್ಕು ನೈಟ್ರೋಜನ್, ಒಂದು ಇಂಗಾಲ, ಹೀಗೆ ಐದು ಪರಮಾಣುಗಳ ಒಂದು ಚಕ್ರವಿದೆ. ಅದಕ್ಕೆ ಟೆಟ್ರಜೋಲ್ ಎಂದು ಹೆಸರು. ಚಕ್ರವನ್ನು ಕಟ್ಟಲು ಅಜೈಡ್ ಎಂಬ ದ್ರವ್ಯವನ್ನು ಉಪಯೋಗಿಸುವುದುಂಟು. ಅಜೈಡು ಘೋರವಿಷ, ಕೆಲಸ ಮುಗಿದ ಮೇಲೆ ಅದರ ಲವಲೇಶವೂ ಉಳಿಯದಂತೆ ನಾಶಮಾಡಬೇಕು. ಚೀನಾದೇಶದ ಝೆಜಿಯಾಂಗ್ ಹುವಾಹಾಯ್ ಎಂಬ ಕಾರ್ಖಾನೆಯು ೨೦೧೨ರಲ್ಲಿ ವಾಲ್ಸಾರ್ಟಾನಿನ ತಯಾರಿಕೆಯ ವಿಧಾನವನ್ನು ಬದಲಾಯಿಸಿತು. ಹೊಸ ವಿಧಾನದಲ್ಲಿ ಡೈಮೀಥೈಲ್ ಫಾರ್ಮಮೈಡ್ ಎಂಬ ದ್ರಾವಕವನ್ನು ಬಳಸಿ, ಉಳಿದ ಅಜೈಡನ್ನು ಸೋಡಿಯಂ ನೈಟ್ರೈಟಿನಿಂದ ಆಮ್ಲಸಮ್ಮುಖದಲ್ಲಿ ನಾಶಮಾಡುತ್ತಿದ್ದರು. ದ್ರಾವಕವು ಸ್ವಲ್ಪಮಟ್ಟಿಗೆ ಒಡೆದು ಡೈಮೀಥೈಲ್ ಅಮೀನ್ ಎಂಬುದನ್ನು ಕೊಡುತ್ತದೆ. ನೈಟ್ರೈಟು ಆಮ್ಲದೊಡನೆ ನೈಟ್ರಸ್ ಆಮ್ಲವಾಗುತ್ತದೆ. ಇವೆರಡೂ ಕೂಡಿದರೆ ಹುಟ್ಟುವುದು ಎನ್. ಡಿ. ಎಂ. ಎ. ಎಂಬ ನೈಟ್ರೋಸಮೀನು.

ಈ ದ್ರವ್ಯದ ದುರ್ಗುಣವು ಹೊಸದಾಗಿ ಗೊತ್ತಾದುದಲ್ಲ. ೧೯೫೬ರಲ್ಲಿಯೇ ಇಂಗ್ಲೆಂಡಿನ ಮಗೀ ಮತ್ತು ಬಾರ್ನ್ಸ್ ಎಂಬ ಸಂಶೋಧಕರು ಇಲಿಗಳಿಗೆ ಇದನ್ನು ತಿನ್ನಿಸಿ ಯಕೃತ್ತಿನ ಅರ್ಬುದವನ್ನು ಕಂಡಿದ್ದರು. ಕೆಲವು ವರ್ಷಗಳ ತರುವಾಯ ನಾರ್ವೆಯಲ್ಲಿ, ನೈಟ್ರೈಟು ಹಾಕಿ ಕೆಡದಂತಿರಿಸಿದ ಮೀನಿನ ಹಿಟ್ಟನ್ನು ತಿಂದ ಕುರಿಗಳು ಯಕೃತ್ತು ಕೆಟ್ಟು ಸತ್ತಾಗ ಇದೇ ದ್ರವ್ಯವು ಕಾರಣವೆಂದು ತಿಳಿಯಿತು. ಅಮೀನು, ನೈಟ್ರೈಟು, ಆಮ್ಲ ಇವು ಸೇರಿದರೆ ಏನಾಗುವುದೆಂಬುದು ರಸಾಯನದ ವಿದ್ಯಾರ್ಥಿಗೂ ತಿಳಿದ ಪಾಠ. ಹೀಗಿರುವಲ್ಲಿ ಆರು ವರ್ಷಗಳ ಕಾಲ ಇದು ಗುಳಿಗೆಯಲ್ಲಿ ಹೇಗೆ ಅಡಗಿದ್ದಿತು? ಉತ್ತರವು ಸರಳವಾದದ್ದು: ಅದನ್ನು ಯಾರೂ ಹುಡುಕುತ್ತಿರಲಿಲ್ಲ. ಸಂಹಿತೆಯ ಪರೀಕ್ಷೆಗಳು ವಾಲ್ಸಾರ್ಟಾನಿನ ಬಂಧುದ್ರವ್ಯಗಳನ್ನೂ ಹೆಸರಿಸಿದ ದ್ರಾವಕಗಳನ್ನೂ ಕೇಳುತ್ತಿದ್ದವು. ಅವುಗಳಿಗೆಲ್ಲ ಮದ್ದು ಸರಿಯಾದ ಉತ್ತರವನ್ನೇ ಕೊಡುತ್ತಿತ್ತು. ೨೦೧೮ರ ಜೂನಿನಲ್ಲಿ ಮದ್ದನ್ನು ಕೊಳ್ಳುವ ಗಿರಾಕಿಯೊಬ್ಬರು ದ್ರಾವಕಪರೀಕ್ಷೆಯ ಪಟದಲ್ಲಿ ಗುರುತು ಸಿಗದ ಒಂದು ಶಿಖರವನ್ನು ಕಂಡು ಏನಿದು ಎಂದು ಕೇಳಿದ ಮೇಲೆ ವಿಚಾರಣೆಯು ಮೊದಲಾಯಿತು. ಜುಲೈ ೫ರಂದು ಯುರೋಪದ ಔಷಧಸಂಸ್ಥೆಯು ವಿಷಯವನ್ನು ಪ್ರಕಟಿಸಿತು. ೧೩ರಂದು ಅಮೆರಿಕವು ಗುಳಿಗೆಗಳನ್ನು ಹಿಂದಕ್ಕೆ ಪಡೆಯುವ ಸುದ್ದಿಯನ್ನು ಸಾರಿತು.

ಪ್ರಕರಣವು ಒಂದು ಕಾರ್ಖಾನೆಯಲ್ಲಿ ನಿಲ್ಲಲಿಲ್ಲ. ಅದೇ ವರ್ಷ ಭಾರತದ ಆರೊಬಿಂದೊ ಸಂಸ್ಥೆಯ ಇರ್ಬೆಸಾರ್ಟಾನಿನಲ್ಲಿ ಎನ್. ಡಿ. ಇ. ಎ. ಎಂಬ ಇನ್ನೊಂದು ನೈಟ್ರೋಸಮೀನು, ೨೦೧೯ರಲ್ಲಿ ಹೆಟೆರೊ ಸಂಸ್ಥೆಯ ಲೋಸಾರ್ಟಾನಿನಲ್ಲಿ ಮೂರನೆಯದೊಂದು ಕಂಡುಬಂದವು. ದ್ರಾವಕ ಬೇರೆಯಾದರೆ ಅಮೀನು ಬೇರೆ, ಅಮೀನು ಬೇರೆಯಾದರೆ ದೋಷವೂ ಬೇರೆ. ಹೀಗಾಗಿ ಒಂದು ದೋಷವನ್ನು ಹುಡುಕುವ ಪರೀಕ್ಷೆಯು ಇನ್ನೊಂದನ್ನು ಕಾಣಲಾರದೆ ಹೋಗಬಹುದು.

ಪ್ರಮಾಣದ ಮಾತನ್ನು ಇಲ್ಲಿ ಬಿಡಿಸಿ ಹೇಳುವುದು ಅವಶ್ಯ. ಎನ್. ಡಿ. ಎಂ. ಎ.ಗೆ ದಿನಕ್ಕೆ ೯೬ ನ್ಯಾನೊಗ್ರಾಮ್, ಎನ್. ಡಿ. ಇ. ಎ.ಗೆ ೨೬.೫ ನ್ಯಾನೊಗ್ರಾಮ್ ಎಂದು ಮಿತಿಯನ್ನು ಗೊತ್ತುಮಾಡಿದರು. ನ್ಯಾನೊಗ್ರಾಮ್ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು. ವಾಲ್ಸಾರ್ಟಾನಿನ ಅತ್ಯಧಿಕ ದಿನಮಾತ್ರೆಯಾದ ೩೨೦ ಮಿಲಿಗ್ರಾಮಿಗೆ ಹೋಲಿಸಿದರೆ ಮೊದಲನೆಯದು ಹತ್ತು ಲಕ್ಷದಲ್ಲಿ ೦.೩ ಭಾಗವಾಗುವುದು. ಮುಂಡರಗಿ, ಶಿರಹಟ್ಟಿಗಳ ಕಡೆಯ ಜನರಿಗೆ ಇಂಥ ಲೆಕ್ಕವು ಬೇರೊಂದು ದಾರಿಯಿಂದ ಪರಿಚಿತವಾಗಿದೆ. ಅಲ್ಲಿಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚಾಗಿ ಹಲ್ಲು ಕಂದುಗಟ್ಟುವುದನ್ನೂ ಎಲುಬು ಬಿಗಿಯುವುದನ್ನೂ ಅವರು ಕಂಡುಂಡಿದ್ದಾರೆ. ಕುಡಿಯುವ ನೀರಿನಲ್ಲಿ ಅದಕ್ಕಿರುವ ಮಿತಿಯು ಲೀಟರಿಗೆ ೧.೫ ಮಿಲಿಗ್ರಾಮ್, ಎಂದರೆ ಹತ್ತು ಲಕ್ಷದಲ್ಲಿ ಒಂದೂವರೆ ಭಾಗ. ದಿನಕ್ಕೆ ಎರಡು ಲೀಟರು ನೀರು ಕುಡಿದವನಿಗೆ ಮಿತಿಯೊಳಗೇ ಸಲ್ಲುವ ಫ್ಲೋರೈಡು ೩ ಮಿಲಿಗ್ರಾಮ್, ಎನ್. ಡಿ. ಎಂ. ಎ.ಯ ಮಿತಿಗಿಂತ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು. ನೀರಿನ ದೋಷವು ಹಲ್ಲಿನಲ್ಲಿ ಎದ್ದು ಕಾಣುವುದು. ಗುಳಿಗೆಯ ದೋಷವು ರೋಗಿಯ ಮೈಯಲ್ಲಿ ಗುರುತು ತೋರದೆ ಸಂಖ್ಯಾಶಾಸ್ತ್ರದಲ್ಲಿ ಮಾತ್ರ ಕಾಣುವುದು. ಅಮೆರಿಕದ ಇಲಾಖೆಯ ಅಂದಾಜಿನಂತೆ ೮,೦೦೦ ಮಂದಿ ಆ ದೋಷಯುಕ್ತ ವಾಲ್ಸಾರ್ಟಾನನ್ನು ಅತ್ಯಧಿಕ ಮಾತ್ರೆಯಲ್ಲಿ ನಾಲ್ಕು ವರ್ಷ ಪ್ರತಿದಿನವೂ ಸೇವಿಸಿದರೆ ಅವರ ಆಯುಷ್ಯದಲ್ಲಿ ಒಬ್ಬರಿಗೆ ಹೆಚ್ಚಾಗಿ ಅರ್ಬುದವು ಬರಬಹುದು. ಆ ಒಬ್ಬರು ಯಾರೆಂಬುದನ್ನು ಯಾವ ವೈದ್ಯನೂ ತೋರಿಸಲಾರನು. ಬೆಟಗೇರಿಯ ಮಗ್ಗದ ಮುಂದೆ ಕುಳಿತು ಇಪ್ಪತ್ತು ವರ್ಷಗಳಿಂದ ಪ್ರತಿದಿನವೂ ಒಂದು ಗುಳಿಗೆ ನುಂಗುವ ನೇಕಾರನಿಗೆ ಆ ಗುಳಿಗೆಯ ಹುಟ್ಟನ್ನು ತಿಳಿಯುವ ಉಪಾಯವಿಲ್ಲ. ಗುಳಿಗೆಯನ್ನು ಬಿಟ್ಟರೆ ಪಾರ್ಶ್ವವಾಯುವಿನ ಭಯವು ಅದಕ್ಕಿಂತ ಸಮೀಪದ್ದು. ಯುರೋಪ, ಅಮೆರಿಕಗಳ ಅಧಿಕಾರಿಗಳು ಬದಲಿ ಮದ್ದು ದೊರೆಯುವ ವರೆಗೆ ಇರುವುದನ್ನು ನಿಲ್ಲಿಸಕೂಡದೆಂದು ಕೂಡಲೇ ಎಚ್ಚರಿಸಿದ್ದು ಈ ಕಾರಣದಿಂದಲೇ.

ಪರೀಕ್ಷೆಯೂ ತನ್ನಷ್ಟಕ್ಕೆ ನಿರ್ದುಷ್ಟವಲ್ಲವೆಂಬುದಕ್ಕೆ ಪ್ರಸಂಗಾನುಸಾರವಾಗಿ ಒಂದು ಉದಾಹರಣೆಯನ್ನು ಹೇಳಬಹುದು. ೨೦೧೯ರಲ್ಲಿ ರ‍್ಯಾನಿಟಿಡೀನ್ ಎಂಬ ಅಮ್ಲಪಿತ್ತದ ಗುಳಿಗೆಯಲ್ಲಿ ಇದೇ ನೈಟ್ರೋಸಮೀನನ್ನು ಅಮೆರಿಕದ ಖಾಸಗಿ ಪರೀಕ್ಷಾಲಯವೊಂದು ಹುಡುಕಿತು. ಅಲ್ಲಿ ಬಳಸಿದ ಅನಿಲವರ್ಣಲೇಖನದ ಕ್ರಮದಲ್ಲಿ ಮಾದರಿಯನ್ನು ೧೩೦ ಅಂಶ ಸೆಲ್ಸಿಯಸಿಗೆ ಕಾಯಿಸಬೇಕು. ಕಾಯಿಸಿದಾಗ ರ‍್ಯಾನಿಟಿಡೀನೇ ಒಡೆದು ದೋಷವನ್ನು ಹುಟ್ಟಿಸಿತು. ಗುಳಿಗೆಗೆ ಮೂವತ್ತು ಲಕ್ಷ ನ್ಯಾನೊಗ್ರಾಮಿಗೆ ಕಡಿಮೆಯಿಲ್ಲದ ಅಂಕಿಯು ಹೊರಬಂದಿತು. ಪ್ರಮಾಣವೇ ಪ್ರಮೇಯವನ್ನು ಸೃಷ್ಟಿಸಿದ ಈ ವಿಚಿತ್ರವು ನೈಯಾಯಿಕರಿಗೆ ರುಚಿಸತಕ್ಕದ್ದು. ಕಾಯಿಸದೆ ಪರೀಕ್ಷಿಸುವ ದ್ರವವರ್ಣಲೇಖನದ ಕ್ರಮವನ್ನು ಅಮೆರಿಕದ ಇಲಾಖೆಯು ಸೂಚಿಸಿತು. ಅದರಿಂದ ಅಂಕಿಯು ಬಹಳವಾಗಿ ಇಳಿಯಿತಾದರೂ ದೋಷವು ಸುಳ್ಳಾಗಲಿಲ್ಲ: ಆ ಮದ್ದು ದಾಸ್ತಾನಿನಲ್ಲಿದ್ದಾಗಲೂ, ಬೆಚ್ಚನೆಯ ಸ್ಥಳದಲ್ಲಿ ಇನ್ನಷ್ಟಾಗಿ, ಇದೇ ದ್ರವ್ಯವನ್ನು ಬೆಳೆಸುವುದೆಂದು ತಿಳಿದು ೨೦೨೦ರ ಏಪ್ರಿಲಿನಲ್ಲಿ ಅಮೆರಿಕದ ಪೇಟೆಯಿಂದ ಅದನ್ನು ತೆಗೆಯಿಸಿದರು. ತಪ್ಪಾದ ಹೇತುವಿನಿಂದ ಸರಿಯಾದ ಸಾಧ್ಯವು ಸಿಕ್ಕಿದುದಕ್ಕೆ ಇದೊಂದು ದೃಷ್ಟಾಂತ.

ಈಗ ದೋಷಗಳ ಹಳೆಯ ವಿಂಗಡಣೆಗೆ ಹಿಂದಿರುಗಿ ವಾಲ್ಸಾರ್ಟಾನಿನ ದೋಷವು ಯಾವ ವರ್ಗಕ್ಕೆ ಸೇರಿದುದೆಂದು ಕೇಳಬಹುದು. ಅದು ನೈಸರ್ಗಿಕವಲ್ಲ, ಅಣುವಿನ ಸ್ವಭಾವದಲ್ಲಿ ಅದಿಲ್ಲ. ಯೌಗಿಕವೂ ಅಲ್ಲ, ಯಾವ ವರ್ತಕನೂ ಅದನ್ನು ಬೆರೆಸಲಿಲ್ಲ. ಔಪಾಧಿಕವೆನ್ನಲು ಮಣ್ಣು ನೀರುಗಳ ಸಂಪರ್ಕವೂ ಕಾರಣವಲ್ಲ. ನೈಟ್ರೈಟನ್ನು ಹಾಕಿದುದು ಅಜೈಡೆಂಬ ವಿಷವನ್ನು ಕಳೆಯುವುದಕ್ಕೆ. ಅದೇ ಕರ್ಮದಿಂದ ಇನ್ನೊಂದು ವಿಷವು ಹುಟ್ಟಿತು. ಶೋಧನವೇ ದೋಷಕ್ಕೆ ಯೋನಿಯಾದ ಇಂಥದಕ್ಕೆ ‘ಸಂಸ್ಕಾರಜ’ವೆಂಬ ನಾಲ್ಕನೆಯ ಹೆಸರನ್ನು ಇಡುವುದು ಉಚಿತವೆಂದು ತೋರುವುದು. ಪಾರದಕ್ಕೆ ಹದಿನೆಂಟು ಸಂಸ್ಕಾರಗಳನ್ನು ವಿಧಿಸಿದ ಶಾಸ್ತ್ರಕಾರರು ಒಂದು ಸಂಸ್ಕಾರದ ಫಲವನ್ನು ನೋಡಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕುತ್ತಿದ್ದರು. ಕಾರ್ಖಾನೆಯಲ್ಲಿ ವಿಧಾನವು ೨೦೧೨ರಲ್ಲಿ ಬದಲಾಯಿತು, ಪರೀಕ್ಷೆಯ ಪಟ್ಟಿಯು ಹಾಗೆಯೇ ಉಳಿಯಿತು.

೨೦೧೯ರಿಂದೀಚೆಗೆ ಯುರೋಪದ ಔಷಧಸಂಸ್ಥೆಯು ಕ್ರಮವನ್ನು ತಿರುಗಿಸಿ, ಪ್ರತಿಯೊಬ್ಬ ತಯಾರಕನೂ ತನ್ನ ವಿಧಾನದಲ್ಲಿ ಅಮೀನು ಎಲ್ಲಿದೆ, ನೈಟ್ರೈಟು ಎಲ್ಲಿದೆ, ಇವು ಎಲ್ಲಿ ಕೂಡಬಹುದು ಎಂಬುದನ್ನು ಮೊದಲು ಕಾಗದದ ಮೇಲೆ ಶೋಧಿಸಿ ಅನಂತರ ಯಂತ್ರದಿಂದ ಪರೀಕ್ಷಿಸಬೇಕೆಂದು ವಿಧಿಸಿದೆ. ಈ ಹುಡುಕಾಟದಿಂದ ಹೊಸ ತೊಡಕೊಂದು ಹೊರಬಿದ್ದಿತು. ೨೦೨೨ರಲ್ಲಿ ಕ್ವಿನಾಪ್ರಿಲ್ ಎಂಬ ಮತ್ತೊಂದು ರಕ್ತದೊತ್ತಡದ ಮದ್ದನ್ನು ಅಮೆರಿಕದಲ್ಲಿ ಹಿಂದಕ್ಕೆ ಪಡೆದರು. ಅಲ್ಲಿ ಅಮೀನು ಹೊರಗಿನಿಂದ ಬಂದುದಲ್ಲ, ಔಷಧದ ಅಣುವೇ ಅಮೀನು. ಗುಳಿಗೆ ಕಟ್ಟಲು ಸೇರಿಸುವ ನಿರುಪದ್ರವಿಯಾದ ಪುಡಿಗಳಲ್ಲಿರುವ ನೈಟ್ರೈಟಿನ ಲೇಶವೂ ಇಂಥ ಅಣುವಿಗೆ ಸಾಕು. ಮದ್ದೇ ತನ್ನ ನೈಟ್ರೋಸಮೀನಾಗಿ ಮಾರ್ಪಡುವುದು. ೨೦೨೩ರಲ್ಲಿ ಅಮೆರಿಕದ ಇಲಾಖೆಯು ಇಂಥ ದೋಷಗಳನ್ನು ಅವುಗಳ ರಚನೆಯ ಮೇಲಿಂದ ಐದು ದರ್ಜೆಗಳಾಗಿ ವಿಂಗಡಿಸಿ ದಿನಕ್ಕೆ ೨೬.೫ರಿಂದ ೧,೫೦೦ ನ್ಯಾನೊಗ್ರಾಮಿನ ವರೆಗೆ ಮಿತಿಗಳನ್ನು ಹೇಳಿದೆ. ಅಣುವಿನ ಸ್ವಭಾವವನ್ನು ನೋಡಿದರೆ ಇದು ನೈಸರ್ಗಿಕ, ಪುಡಿಯ ಬೆರಕೆಯನ್ನು ನೋಡಿದರೆ ಯೌಗಿಕ, ದಾಸ್ತಾನಿನ ಕಾಲವನ್ನು ನೋಡಿದರೆ ಔಪಾಧಿಕ. ಇದನ್ನು ಯಾವ ವರ್ಗದಲ್ಲಿ ಇಡಬೇಕೆಂಬುದು ಪರಿಭಾಷೆಯನ್ನು ರಚಿಸುವ ವಿದ್ವಾಂಸರ ವಿಚಾರಕ್ಕೆ ಉಳಿದಿರುವ ವಿಷಯವಾಗಿದೆ.